ಕೋಟಿಗಟ್ಟಲೆ ದುಡಿದ ಪ್ರೇಮ ಕಾದಂಬರಿಕಾರ್ತಿ ಬಗ್ಗೆ ಮಾತಾಡೋ ಮುಂಚೆ ಏನೇನು ನೋಡ್ಬೇಕು

ಅಮೆರಿಕದ ಕಾದಂಬರಿಕಾರ್ತಿ ಡೇನಿಯಲ್ ಸ್ಟೀಲ್ ಅಂತ ಹೆಸರು ಎತ್ತಿದ್ರೆ ಸಾಕು ಎರಡು ಮಾತು ಬಂದೇ ಬರತ್ತೆ, ಒಂದು "ಅವ್ರಿಗೆ ಬರೆಯೋಕೆ ಬರಲ್ಲ", ಇನ್ನೊಂದು "ಅವ್ರ ಮನೆ ನೋಡಿದ್ದೀರಾ". ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಾರೆ, ಮನೆ ದೊಡ್ಡದಿರೋದೇ ಬರವಣಿಗೆ ಕಳಪೆ ಅನ್ನೋಕೆ ಸಾಕ್ಷಿ ಅನ್ನೋ ಥರ. ನಾನೂ ಎಷ್ಟೋ ವರ್ಷ ಅವ್ರ ಒಂದು ಪುಸ್ತಕಾನೂ ಓದದೆ ಇದನ್ನೇ ಹೇಳ್ಕೊಂಡು ಬಂದೆ. ಆಮೇಲೆ ಕೂತು ಓದಿದೆ. ಓದಿದ ಮೇಲೂ ತಕರಾರು ಪೂರ್ತಿ ಹೋಗ್ಲಿಲ್ಲ, ಆದ್ರೆ ತಕರಾರು ಯಾವುದರ ಮೇಲೆ ಅನ್ನೋದು ಬದಲಾಯ್ತು. ಟೀಕೆ ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ, ಖಂಡಿತ ಮಾಡಿ, ಆದ್ರೆ ನ್ಯಾಯವಾಗಿ ಮಾಡೋದು ಹೇಗೆ ಅಂತ ನಾನು ಕಲ್ತಿದ್ದನ್ನ ಬರೀತಿದ್ದೀನಿ.

ಮೊದಲು ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೀರಿ. ಆ ಲೇಖಕಿ ಬಗ್ಗೆ ನಿಮಗೆ ಗೊತ್ತಿರೋದೆಲ್ಲ ಬರ್ಕೊಳ್ಳಿ, ಬರವಣಿಗೆಗೆ ಸಂಬಂಧಪಟ್ಟಿದ್ದು ಎಡಕ್ಕೆ, ಬದುಕಿಗೆ ಸಂಬಂಧಪಟ್ಟಿದ್ದು ಬಲಕ್ಕೆ. ನಾನು ಮಾಡಿದಾಗ ಬಲಗಡೆ ತುಂಬಿ ಹೋಯ್ತು: ಸ್ಯಾನ್ ಫ್ರಾನ್ಸಿಸ್ಕೋದ ಸ್ಪ್ರೆಕಲ್ಸ್ ಬಂಗಲೆ, ಅದು 1910ರ ದಶಕದಲ್ಲಿ ಸಕ್ಕರೆ ಉದ್ಯಮಿ ಕುಟುಂಬವೊಂದು ಕಟ್ಟಿಸಿದ್ದು, ಅದರ ಸುತ್ತ ಇರೋ ಆಳೆತ್ತರಕ್ಕಿಂತ ಎಷ್ಟೋ ಪಟ್ಟು ಎತ್ತರದ ಗಿಡದ ಬೇಲಿ, ಪ್ಯಾರಿಸ್‌ನಲ್ಲಿ ಇನ್ನೊಂದು ಮನೆ, ಐದು ಮದುವೆ, ಒಂಬತ್ತು ಮಕ್ಕಳು. ಎಡಗಡೆ ಏನಿತ್ತು ಅಂದ್ರೆ "ತುಂಬಾ ಬರೀತಾರೆ" ಅಷ್ಟೇ. ಒಬ್ಬರ ಪ್ರತಿಭೆ ಬಗ್ಗೆ ಇಷ್ಟು ಜೋರಾಗಿ ಮಾತಾಡೋ ನನ್ನ ಹತ್ರ ಅವ್ರ ಒಂದು ವಾಕ್ಯ ಕೂಡ ಉದಾಹರಣೆಗೆ ಇರ್ಲಿಲ್ಲ, ಆ ಖಾಲಿ ಜಾಗ ನೋಡಿ ನಿಜವಾಗ್ಲೂ ಬೇಜಾರಾಯ್ತು.

ಎಡಗಡೆ ತುಂಬಿಸೋಕೆ ಕನಿಷ್ಠ ಎರಡು ಪುಸ್ತಕ ಓದಿ. ಒಂದು ಹಳೇದು, 80ರ ದಶಕದ್ದು, ಒಂದು ಇತ್ತೀಚಿನದು. 1973ರಿಂದ ಬರೀತಿರೋರನ್ನ ಒಂದೇ ಪುಸ್ತಕದಿಂದ ಅಳೆಯೋಕಾಗಲ್ಲ. ಕಥೆಯ ಸಾರಾಂಶ ಓದಿ ಮುಗಿಸ್ಬೇಡಿ, ಯಾಕಂದ್ರೆ ಸಾರಾಂಶದಲ್ಲಿ ಯಾರ ಕಥೆ ಆದ್ರೂ ಸಪ್ಪೆನೇ ಕಾಣತ್ತೆ.

ಓದೋವಾಗ ಪೆನ್ಸಿಲ್ ಹಿಡ್ಕೊಳ್ಳಿ, ಮೊದಲ 30 ಪುಟ ಸಾಕು. ಈ ಥರದ ಕಾದಂಬರಿಗಳಲ್ಲಿ ಹೀಗೊಂದು ಪ್ಯಾರಾ ಸಿಗತ್ತೆ (ಇದು ನಾನೇ ಕಟ್ಟಿದ್ದು, ಯಾವ ಪುಸ್ತಕದ್ದೂ ಅಲ್ಲ): "ಅವಳು ತುಂಬಾ ಸುಂದರಿ. ಅಷ್ಟೇ ಬುದ್ಧಿವಂತೆ. ಗಂಡ ಹೋದ ಮೇಲೆ ಅವಳಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ." ಇಲ್ಲಿ ಲೇಖಕಿ ಎಲ್ಲಾನೂ ಹೇಳಿಬಿಟ್ರು, ನಮಗೆ ಕಣ್ಣಲ್ಲಿ ಕಾಣಿಸ್ಲಿಲ್ಲ. ಇದೇ ಹೆಂಗಸು ಎರಡು ವರ್ಷ ಆದ್ರೂ ಗಂಡನ ಕನ್ನಡಕನ ಟೇಬಲ್ ಮೇಲಿಂದ ಎತ್ತಿಲ್ಲ, ಬಂದೋರು ಯಾರಾದ್ರೂ ಅದನ್ನ ಮುಟ್ಟೋಕೆ ಹೋದ್ರೆ ಮಾತು ನಿಲ್ಲಿಸ್ತಾಳೆ ಅಂತ ಬರೆದಿದ್ರೆ ನಂಬಿಕೆ ಅನ್ನೋ ಪದಾನೇ ಬೇಕಾಗ್ತಿರ್ಲಿಲ್ಲ. ಎಲ್ಲೆಲ್ಲಿ ಬರೀ ಹೇಳಿದ್ದಾರೆ ಅಲ್ಲಿ ಗೆರೆ ಹಾಕಿ, ಒಂದು ಸಲ ಹೇಳಿದ್ದನ್ನೇ ಹತ್ತು ಪುಟ ಆದ್ಮೇಲೆ ಮತ್ತೆ ಹೇಳಿದ್ರೆ ಎರಡು ಗೆರೆ ಹಾಕಿ. ಸ್ಟೀಲ್ ಪುಸ್ತಕದಲ್ಲಿ ನನ್ನ ಪೆನ್ಸಿಲ್ ಎರಡು ಗೆರೆ ಬಹಳ ಸಲ ಹಾಕ್ತು. ಇದು ನಿಜವಾದ ದೋಷ, ಪುಟದ ನಂಬರ್ ಸಮೇತ ತೋರಿಸಬಹುದು, ಇದನ್ನ ಹೇಳೋಕೆ ಅವ್ರ ಬಂಗಲೆ ಬೇಕಾಗಲ್ಲ.

ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ. ಪೆನ್ಸಿಲ್ ಕೈಯಿಂದ ಜಾರಿ ಯಾವ ಪುಟದಿಂದ ಯಾವ ಪುಟಕ್ಕೆ ಗೆರೆ ಹಾಕೋದೇ ಮರ್ತು ಓದಿದ್ರಿ ಅಂತಾನೂ ಗುರುತು ಮಾಡ್ಕೊಳ್ಳಿ, ಇದನ್ನ ಯಾರೂ ಮಾಡಲ್ಲ. ನನಗೆ ಅದು ಆಗಿದ್ದು ಒಂದು ಸಾವಿನ ಸುದ್ದಿ ಬರೋ ಜಾಗದಲ್ಲಿ. ವಾಕ್ಯಗಳು ಆಗ್ಲೂ ಸಾಧಾರಣನೇ, ಆದ್ರೆ ಮುಂದೇನು ಅನ್ನೋ ಆತಂಕ ಬಿಡ್ಲಿಲ್ಲ. ಇಪ್ಪತ್ತು ವರ್ಷದ ಬದುಕನ್ನ ಎರಡು ಪುಟದಲ್ಲಿ ದಾಟಿಸಿ, ಯುದ್ಧ, ಕಾಯಿಲೆ, ಮಗು, ವಿಧವೆಯ ಒಂಟಿತನ ಎಲ್ಲಾನೂ ಎಳ್ಕೊಂಡು ಹೋಗಿ ಓದುಗರ ಕೈ ಬಿಡದೆ ಇರೋದು ಒಂದು ಕಸುಬು. ವಾಕ್ಯ ಚೆಂದ ಮಾಡೋ ಪ್ರತಿಭೆ ಬೇರೆ, ಓದಿಸಿಕೊಂಡು ಹೋಗೋ ಪ್ರತಿಭೆ ಬೇರೆ, ಒಬ್ಬರಿಗೆ ಎರಡರಲ್ಲಿ ಒಂದು ಮಾತ್ರ ಇರಬಹುದು, ಅದನ್ನ ಹಾಗೇ ಬಿಡಿಸಿ ಹೇಳಿ.

ಇನ್ನೊಂದು, ಅವ್ರು ಏನು ಬರೀತಿದ್ದಾರೆ ಅಂತ ಮೊದಲು ತಿಳ್ಕೊಳ್ಳಿ. ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಅನ್ನೋ ಸಂಘದ ಪ್ರಕಾರ ರೊಮ್ಯಾನ್ಸ್ ಅಂದ್ರೆ ಪ್ರೇಮಕಥೆನೇ ಮಧ್ಯದಲ್ಲಿರಬೇಕು, ಕೊನೆ ಭರವಸೆ ಕೊಡೋ ಹಾಗಿರಬೇಕು. ಹಾಗಿದ್ದಾಗ "ಕೊನೆಗೆ ಒಂದಾಗ್ತಾರೆ ಅಂತ ಮೊದಲೇ ಗೊತ್ತಿತ್ತು" ಅನ್ನೋದು ಟೀಕೆನೇ ಅಲ್ಲ, ಅದು ಆ ಪ್ರಕಾರ ಮೊದಲೇ ಮಾತುಕೊಟ್ಟ ಕೊನೆ, ಹೇಗೆ ಒಂದಾದ್ರು ಅನ್ನೋದನ್ನ ನೋಡಿ. ಸ್ಟೀಲ್ ಅಂತೂ ನಾನು ಬರೆಯೋದು ರೊಮ್ಯಾನ್ಸ್ ಅಲ್ಲ, ಮನುಷ್ಯರ ಪಾಡು ಅಂತ ಹೇಳ್ಕೊಂಡಿದ್ದಾರೆ, ಆ ಮಾತಿಗೆ ಅವ್ರು ಎಷ್ಟು ತೂಗ್ತಾರೆ ಅಂತ ಬೇಕಾದ್ರೆ ಅಳೀರಿ.

ಮಾರಾಟದ ಅಂಕಿ ಎರಡೂ ಕಡೆ ಇಡಬೇಡಿ. 80 ಕೋಟಿಗೂ ಹೆಚ್ಚು ಪ್ರತಿ ಅಂತಾರೆ, ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟವಾಗೋ ಪುಸ್ತಕಗಳ ಪಟ್ಟಿಯಲ್ಲಿ ಅವ್ರ ಒಂದಲ್ಲ ಒಂದು ಪುಸ್ತಕ ಸತತ 381 ವಾರ ಇದ್ದಿದ್ದಕ್ಕೆ 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತ್ತು. ಅಷ್ಟು ಜನಕ್ಕೆ ಬೇಕಾಗಿತ್ತು ಅನ್ನೋದು ಇದರಿಂದ ಗೊತ್ತಾಗತ್ತೆ, ಚೆನ್ನಾಗಿದೆ ಅಂತಾನೂ ಆಗಲ್ಲ, ಕೆಟ್ಟದ್ದು ಅಂತಾನೂ ಆಗಲ್ಲ.

ವೇಗದ ವಿಷ್ಯ ಸ್ವಲ್ಪ ನಿಧಾನವಾಗಿ ನೋಡ್ಬೇಕು. ಬೇಗ ಬರೆದ್ರೆ ಕಳಪೆ, ಅದರಲ್ಲೂ ದುಡ್ಡಿಗೆ ಬರೆದ್ರೆ ಇನ್ನೂ ಕಳಪೆ ಅನ್ನೋ ನಂಬಿಕೆ ಬಹಳ ಹಳೇದು. ಇಂಗ್ಲೆಂಡಿನ ಆಂಥೋನಿ ಟ್ರೋಲಪ್ 47 ಕಾದಂಬರಿ ಬರೆದ್ರು, ಗಡಿಯಾರ ಎದುರಿಗಿಟ್ಕೊಂಡು ಕಾಲು ಗಂಟೆಗೆ 250 ಪದ ಅಂತ ಲೆಕ್ಕ ಹಾಕಿ ಬರೀತಿದ್ರು. ಅವ್ರು ತೀರ್ಕೊಂಡ ಮೇಲೆ 1883ರಲ್ಲಿ ಆತ್ಮಕಥೆ ಬಂತು, ಅದರಲ್ಲಿ ಈ ಗಡಿಯಾರದ ವಿಷ್ಯಾನೂ ಯಾವ್ಯಾವ ಪುಸ್ತಕದಿಂದ ಎಷ್ಟು ಬಂತು ಅನ್ನೋ ಪಟ್ಟಿನೂ ಇತ್ತು, ಒಟ್ಟು ಸುಮಾರು 69 ಸಾವಿರ ಪೌಂಡ್. ಅದನ್ನ ಓದಿ ಮೂಗು ಮುರಿದವರು ಎಷ್ಟೋ ಜನ, ಅವ್ರ ಹೆಸರಿಗೂ ಪೆಟ್ಟು ಬಿತ್ತು. ಪುಸ್ತಕದೊಳಗೆ ಒಂದಕ್ಷರಾನೂ ಬದಲಾಗಿರ್ಲಿಲ್ಲ ಅಲ್ವಾ? ಇವತ್ತು ಅವ್ರನ್ನ ವಿಕ್ಟೋರಿಯನ್ ಕಾಲದ ದೊಡ್ಡ ಕಾದಂಬರಿಕಾರ ಅಂತ ಓದ್ತಾರೆ. ಹಾಗಾಗಿ "ಇಷ್ಟು ಬೇಗ ಬರೀತಾರೆ" ಅನ್ನೋದು ನಿಮ್ಮ ವಾಕ್ಯದಲ್ಲಿ ಬಂದ್ರೆ ಹೊಡೆದುಹಾಕಿ, ಆ ವೇಗದಿಂದ ಪುಟದಲ್ಲಿ ಏನು ಕೆಟ್ಟಿದೆ ಅನ್ನೋದನ್ನ ಬರೀರಿ.

ಈಗ ಬಲಗಡೆ. ಬದುಕಿನ ಬಗ್ಗೆ ಮಾತಾಡ್ಲೇಬಾರದು ಅಂತಿಲ್ಲ. ಬೇರೆಯವರಿಗೆ ತಟ್ಟೋ ವಿಷ್ಯ ಇದ್ರೆ ಕೇಳೋ ಹಕ್ಕು ಎಲ್ಲರಿಗೂ ಇದೆ. ಆ ಬೇಲಿ ಎತ್ತರ, ಅಕ್ಕಪಕ್ಕದ ಪಾರ್ಕಿಂಗ್ ಜಾಗ, ಇವೆಲ್ಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚರ್ಚೆ ಆಗಿರೋದು ಸರಿಯೇ, ಅದು ಊರಿನ ಪ್ರಶ್ನೆ, ಸಾಹಿತ್ಯದ ಪ್ರಶ್ನೆ ಅಲ್ಲ. ಅವ್ರೇ ಬಾಯಿಬಿಟ್ಟು ಹೇಳಿದ್ದನ್ನೂ ಪ್ರಶ್ನೆ ಮಾಡಬಹುದು. 2019ರಲ್ಲಿ ಗ್ಲಾಮರ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ದಿನಕ್ಕೆ 20ರಿಂದ 22 ಗಂಟೆ ಕೆಲಸ ಮಾಡ್ತೀನಿ ಅಂದ್ರು, 1946ರ ಒಲಿಂಪಿಯಾ ಟೈಪ್‌ರೈಟರ್ ಮುಂದೆ ಕೂತು. ಅವ್ರ ಶ್ರಮದ ಮೇಲೆ ನನಗೆ ಗೌರವ ಇದೆ, ಆದ್ರೆ ಇದನ್ನ ಎಲ್ಲರಿಗೂ ಮಾದರಿ ಅಂತ ಹಂಚೋದು ತಪ್ಪು, ನಿದ್ದೆಗೆಟ್ಟು ಸಂಬಳಕ್ಕೆ ದುಡಿಯೋರಿಗೆ ಆ ಥರ ಬಾಗಿಲು ಹಾಕ್ಕೊಂಡು ಕೂರೋ ಅನುಕೂಲ ಇರಲ್ಲ. ಇಂಥ ಟೀಕೆ ಧಾರಾಳವಾಗಿ ಮಾಡಿ.

ಆದ್ರೆ ಒಂದು ಗೆರೆ ದಾಟ್ಬೇಡಿ. ಅವ್ರ ಬಗ್ಗೆ ಅನುಮತಿ ಇಲ್ಲದೆ ಒಂದು ಜೀವನಚರಿತ್ರೆ ಬರೋದಿತ್ತು, ಮಗ ನಿಕ್‌ನ ದತ್ತು ವಿಷ್ಯ ಅದರಲ್ಲಿ ಬರದ ಹಾಗೆ ತಡೆಯೋಕೆ ಅವ್ರು 1993ರಲ್ಲಿ ಕೋರ್ಟಿಗೆ ಹೋದ್ರು, ಹೋದ್ರೂ ತಡೆಯೋಕಾಗ್ಲಿಲ್ಲ. ಆಗ ಆ ಹುಡುಗ ಇನ್ನೂ ಮೈನರ್. ತಾಯಿ ಫೇಮಸ್ ಅನ್ನೋ ಒಂದೇ ಕಾರಣಕ್ಕೆ ಮಗುವಿನ ಗುಟ್ಟು ಊರಿನ ಸ್ವತ್ತಾಗಬಾರದು, ಇದನ್ನ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಮದುವೆ, ಮಕ್ಕಳು, ಕಾಯಿಲೆ ಬಂದಾಗ ಪೆನ್ನು ಕೆಳಗಿಡಿ, ಅವ್ರೇ ಬರೆದಿದ್ದಾರೆ ಅಂದ್ರೆ ಮಾತ್ರ, ಬರೆದಷ್ಟೇ ಮಾತಾಡಿ.

ನಮಗೆ ಕಾಣದೆ ಇರೋದು ಎಷ್ಟಿರತ್ತೆ ಅನ್ನೋದಕ್ಕೆ ಎರಡು ಉದಾಹರಣೆ. ಇಂಗ್ಲೆಂಡಿನ ಪ್ರೇಮ ಕಾದಂಬರಿಕಾರ್ತಿ ಬಾರ್ಬರಾ ಕಾರ್ಟ್‌ಲ್ಯಾಂಡ್ ಅಂದ್ರೆ ಎಲ್ಲರಿಗೂ ಅವ್ರ ಗುಲಾಬಿ ಬಟ್ಟೆ, ಸೋಫಾ ಮೇಲೆ ಒರಗಿ ಸೆಕ್ರೆಟರಿಗೆ ಹೇಳಿ ಬರೆಸಿದ 700ಕ್ಕೂ ಹೆಚ್ಚು ಪುಸ್ತಕ ನೆನಪಾಗತ್ತೆ, ಆದ್ರೆ 1960ರ ದಶಕದಲ್ಲಿ ಅಲೆಮಾರಿ ಜಿಪ್ಸಿ ಮಕ್ಕಳು ಶಾಲೆಗೆ ಹೋಗ್ಬೇಕು, ಅದಕ್ಕೆ ಅವರಿಗೊಂದು ನೆಲೆ ಬೇಕು ಅಂತ ಹೋರಾಡಿದ್ದು ಇದೇ ಹೆಂಗಸು. ಸ್ಟೀಲ್ ಹಲವು ವರ್ಷ ರಾತ್ರಿ ಹೊತ್ತು ವ್ಯಾನ್‌ನಲ್ಲಿ ಹೋಗಿ ಬೀದಿಯಲ್ಲಿ ಮಲಗೋರಿಗೆ ಬಟ್ಟೆಬರೆ ಹಂಚಿದ್ರು, ಹೆಸರು ಹೇಳ್ಕೊಳ್ದೆ, 2012ರಲ್ಲಿ ಪುಸ್ತಕ ಬರೆದ ಮೇಲೇ ಎಲ್ಲರಿಗೂ ಗೊತ್ತಾಗಿದ್ದು. ಇದರಿಂದ ಅವ್ರ ವಾಕ್ಯ ಚೆಂದ ಆಗಲ್ಲ, ಅದನ್ನ ಎಡಗಡೆಗೆ ಸೇರಿಸ್ಬೇಡಿ. ಬಲಗಡೆ ಬಂಗಲೆ ಬರೆದ ಮೇಲೆ ವ್ಯಾನ್‌ನೂ ಬರೀಲೇಬೇಕು ಅಷ್ಟೇ.

ನಾನು ಇಷ್ಟೆಲ್ಲ ಮಾಡಿ ಕೊನೆಗೆ ಬರ್ಕೊಂಡಿದ್ದು ಇದು: ಕಾದಂಬರಿಗಳಲ್ಲಿ ಹೇಳಿದ್ದನ್ನೇ ಹೇಳ್ತಾರೆ, ಪಾತ್ರಗಳು ಅತಿಯಾಗಿ ಸುಂದರ, ಎಡಿಟ್ ಮಾಡಿದ್ರೆ ಮೂರನೇ ಒಂದು ಭಾಗ ಕಮ್ಮಿ ಆಗತ್ತೆ, ಆದ್ರೆ ಕಥೆ ಎಳ್ಕೊಂಡು ಹೋಗೋ ಶಕ್ತಿ ಇದೆ. ನಿಕ್‌ಗೆ ಬೈಪೋಲಾರ್ ಅನ್ನೋ ಮಾನಸಿಕ ಕಾಯಿಲೆ ಇತ್ತು, 1997ರಲ್ಲಿ 19ನೇ ವಯಸ್ಸಿಗೆ ತೀರ್ಕೊಂಡ, ಮಾರನೇ ವರ್ಷ ಸ್ಟೀಲ್ ಅವನ ಬಗ್ಗೆ ಒಂದು ಪುಸ್ತಕ ಬರೆದ್ರು, ಅದರಲ್ಲಿ ಅವನ ಡೈರಿ ಪುಟಗಳೂ ಇವೆ. ಆ ಪುಸ್ತಕಾನೂ ಪೆನ್ಸಿಲ್ ಹಿಡ್ಕೊಂಡೇ ಶುರು ಮಾಡಿದ್ದೆ, ಮುಗಿಸಿ ನೋಡಿದ್ರೆ ಅದರಲ್ಲಿ ಎರಡು ಗೆರೆ ಒಂದೂ ಇರ್ಲಿಲ್ಲ.