ಅರ್ಜಿ ಕಳುಹಿಸಿದ ಮೇಲಿನ ತಿಂಗಳುಗಳು: ನನ್ನ ಅನುಭವ

ಅಮೆರಿಕದ ಪಿಎಚ್‌.ಡಿ.ಗೆ ಅರ್ಜಿ ಬರೆಯುವ ಬಗ್ಗೆ ಸಲಹೆ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅರ್ಜಿ ಹೋದ ಮೇಲೆ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಏನು ಮಾಡಬೇಕೆಂದು ಹೇಳುವವರು ಕಡಿಮೆ. ಹೇಳಿದರೂ ‘ತಲೆ ಕೆಡಿಸಿಕೊಳ್ಳಬೇಡ, ಬೇರೆ ಕೆಲಸ ನೋಡು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ತಲೆ ಕೆಡಿಸಿಕೊಳ್ಳದೆ ಇರುವುದು ನನ್ನಿಂದ ಆಗಲಿಲ್ಲ. ಹೇಗೂ ಕೆಡುವ ತಲೆಗೆ ಒಂದಿಷ್ಟು ಕೆಲಸವನ್ನಾದರೂ ಕೊಡೋಣವೆಂದು, ಆಯ್ಕೆ ಆ ಕಡೆಯಲ್ಲಿ ಹೇಗೆ ನಡೆಯುತ್ತದೆಂಬುದನ್ನು ಈಗಾಗಲೇ ಅಲ್ಲಿ ಓದುತ್ತಿದ್ದ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ, ವಿಭಾಗಗಳು ಪ್ರಕಟಿಸುವ ಮಾಹಿತಿಯನ್ನು ಓದಿ, ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತ ಹೋದೆ. ಉತ್ತರ ಬಾರದ ದಿನಗಳಿಗೂ ಒಂದು ವೇಳಾಪಟ್ಟಿ ಇರುತ್ತದೆಂದು ತಿಳಿದ ಮೇಲೆ ಕಾಯುವುದು ಸಹಿಸುವ ಮಟ್ಟಕ್ಕೆ ಬಂತು. ನಾನು ಅರ್ಜಿ ಹಾಕಿದ್ದು ಅಮೆರಿಕದ ವಿಶ್ವವಿದ್ಯಾಲಯಗಳ ಜೀವವಿಜ್ಞಾನ ವಿಭಾಗಗಳಿಗೆ. ಮುಂದೆ ಬರೆದಿರುವುದೆಲ್ಲ ಆ ಮಿತಿಯೊಳಗಿನದು.

ಈ ವಿಭಾಗಗಳ ಕೊನೆಯ ದಿನಾಂಕ ಹೆಚ್ಚಾಗಿ ಡಿಸೆಂಬರ್ 1ರಿಂದ 15ರ ನಡುವೆ ಬೀಳುತ್ತದೆ. ಅದಾದ ಮೊದಲ ಎರಡು ಮೂರು ವಾರಗಳಲ್ಲಿ ಆತಂಕಕ್ಕಿಂತ ತಪಾಸಣೆಗೆ ಹೆಚ್ಚು ಬೆಲೆಯಿದೆ, ಏಕೆಂದರೆ ಅಪೂರ್ಣ ಅರ್ಜಿಯನ್ನು ಆಯ್ಕೆ ಸಮಿತಿ ಓದದೆಯೇ ಇರಬಹುದು. ಅಂಕಪಟ್ಟಿ, ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಅಂಕ, ಮೂರು ಶಿಫಾರಸು ಪತ್ರಗಳು ಬಂದಿವೆಯೇ ಎಂಬುದನ್ನು ಪ್ರತಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ನೋಡಿ ಪುಸ್ತಕದಲ್ಲಿ ಬರೆದುಕೊಂಡೆ. ಟೋಫೆಲ್ ಅಂಕವನ್ನು ಅರ್ಜಿಯೊಂದಿಗೆ ಹೊಂದಿಸುವಾಗ ಹೆಸರು ಮತ್ತು ಹುಟ್ಟಿದ ದಿನಾಂಕಗಳನ್ನು ನೋಡುತ್ತಾರೆ. ಇನಿಷಿಯಲ್‌ಗಳನ್ನು ಒಂದು ಕಡೆ ವಿಸ್ತರಿಸಿ ಇನ್ನೊಂದು ಕಡೆ ಹಾಗೆಯೇ ಬಿಟ್ಟಿರುವ ನಮ್ಮಂಥವರ ಅಂಕ ಕಳುಹಿಸಿದ್ದರೂ ‘ಬಂದಿಲ್ಲ’ ಎಂದೇ ತೋರಿಸುವ ಸಾಧ್ಯತೆಯಿರುತ್ತದೆ. ಒಂದು ಕಡೆ ನನ್ನ ಮೂರನೆಯ ಶಿಫಾರಸು ಪತ್ರ ಬಂದಿರಲಿಲ್ಲ. ಬರೆಯಬೇಕಾದವರು ನನ್ನ ಪ್ರಾಜೆಕ್ಟ್ ಗೈಡ್; ಅವರಿಗೆ ನೆನಪಿಸುವುದು ಹೇಗೆಂಬ ಸಂಕೋಚವಿತ್ತು. ‘ಸರ್, ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ. ಈ ಒಂದು ವಿಶ್ವವಿದ್ಯಾಲಯದ ಲಿಂಕ್ ತಮಗೆ ತಲುಪಿಲ್ಲವೇನೋ ಎನಿಸಿ ಮತ್ತೊಮ್ಮೆ ಕಳುಹಿಸಿದ್ದೇನೆ’ ಎಂದು ಬರೆದೆ. ಅಂದು ಸಂಜೆಯೇ ಪತ್ರ ಸೇರಿತು. ಹಲವು ವಿಭಾಗಗಳು ಶಿಫಾರಸು ಪತ್ರ ಕೆಲವು ದಿನ ತಡವಾದರೂ ಸ್ವೀಕರಿಸುತ್ತವೆ. ಹಾಗೆಂದು ಅಭ್ಯರ್ಥಿ ಸುಮ್ಮನೆ ಕೂರುವಂತಿಲ್ಲ.

ವಿಭಾಗಕ್ಕೆ ಬರೆಯಬೇಕಾದಾಗ ಪ್ರಾಧ್ಯಾಪಕರಿಗೆ ಬರೆಯದೆ, ಪ್ರವೇಶದ ಕಚೇರಿ ಕೆಲಸ ನೋಡಿಕೊಳ್ಳುವ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಬರೆಯುವುದು ಒಳ್ಳೆಯದು. ಕಡತಗಳು ಇರುವುದು ಅವರ ಕೈಯಲ್ಲಿ, ಸಮಿತಿ ಯಾವಾಗ ಸೇರುತ್ತದೆಂದು ಗೊತ್ತಿರುವುದೂ ಅವರಿಗೇ. ನನ್ನ ಇ-ಮೇಲ್‌ನ ವಿಷಯದ ಸಾಲಿನಲ್ಲಿ ಹೆಸರು, ಅರ್ಜಿಯ ಸಂಖ್ಯೆ ಮತ್ತು ಕೋರ್ಸಿನ ಹೆಸರು ಇರುತ್ತಿದ್ದವು. ಒಳಗೆ ಒಂದೇ ಪ್ರಶ್ನೆ, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದಂಥದ್ದು. ಫಲಿತಾಂಶ ಏನಾಯಿತೆಂದು ಮಾತ್ರ ಫೆಬ್ರವರಿ ಮುಗಿಯುವವರೆಗೆ ಕೇಳಲಿಲ್ಲ. ಸಮಿತಿ ತೀರ್ಮಾನಿಸುವ ಮೊದಲು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವಲ್ಲದೆ ಬೇರೇನೂ ಬರುವುದಿಲ್ಲ, ಮತ್ತು ಆ ಉತ್ತರವನ್ನು ಅಕ್ಷರ ಅಕ್ಷರ ಬಿಡಿಸಿ ಅರ್ಥ ಹುಡುಕುವ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ಆ ಕಡೆ ನಡೆಯುವುದು ಸ್ಥೂಲವಾಗಿ ಹೀಗೆ. ವಿಭಾಗದ ಕೆಲವು ಪ್ರಾಧ್ಯಾಪಕರ ಸಮಿತಿಯೊಂದು ಅರ್ಜಿಗಳನ್ನು ಹಂಚಿಕೊಂಡು ಓದುತ್ತದೆ; ಸಾಮಾನ್ಯವಾಗಿ ಒಂದು ಕಡತವನ್ನು ಒಬ್ಬರಿಗಿಂತ ಹೆಚ್ಚು ಮಂದಿ ನೋಡಿ ಅಂಕ ಕೊಡುತ್ತಾರೆ. ಜೀವವಿಜ್ಞಾನದಲ್ಲಿ ಅದರ ಮೇಲೆ ಕಿರುಪಟ್ಟಿ ತಯಾರಾಗಿ, ಜನವರಿ ಮತ್ತು ಫೆಬ್ರವರಿಯಲ್ಲಿ ಸಂದರ್ಶನಗಳು ನಡೆಯುತ್ತವೆ; ಹೊರದೇಶದವರನ್ನು ಹೆಚ್ಚಾಗಿ ವಿಡಿಯೊ ಕರೆಯಲ್ಲೇ ಮಾತಾಡಿಸುತ್ತಾರೆ. ಸಂದರ್ಶನದ ನಂತರ ವಿಭಾಗ ಶಿಫಾರಸು ಮಾಡುತ್ತದೆ, ವಿಶ್ವವಿದ್ಯಾಲಯದ ಗ್ರಾಜುಯೇಟ್ ಸ್ಕೂಲ್ (ಸ್ನಾತಕೋತ್ತರ ಮತ್ತು ಪಿಎಚ್‌.ಡಿ. ವ್ಯಾಸಂಗವನ್ನು ನೋಡಿಕೊಳ್ಳುವ ಘಟಕ) ಅದನ್ನು ಪರಿಶೀಲಿಸಿ ಅಧಿಕೃತ ಪತ್ರ ಹೊರಡಿಸುತ್ತದೆ. ಪ್ರಾಧ್ಯಾಪಕರೊಬ್ಬರು ‘ನಿಮ್ಮನ್ನು ಆಯ್ಕೆ ಮಾಡಿದ್ದೇವೆ’ ಎಂದು ಬರೆದ ಮೇಲೂ ಪೋರ್ಟಲ್‌ನಲ್ಲಿ ದಿನಗಟ್ಟಲೆ ಏನೂ ಬದಲಾಗದಿರುವುದಕ್ಕೆ ಈ ಎರಡನೆಯ ಹಂತವೇ ಕಾರಣ.

ಹೊರದೇಶದವರಿಗೆ ಇನ್ನೊಂದು ಸಂಗತಿ ಗೊತ್ತಿರಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್ ಕೊಡುವ ತರಬೇತಿ ಅನುದಾನಗಳಿಂದ ವಿದ್ಯಾರ್ಥಿವೇತನ ಪಡೆಯಲು ಆ ದೇಶದ ನಾಗರಿಕರು ಮತ್ತು ಕಾಯಂ ನಿವಾಸಿಗಳಿಗಷ್ಟೇ ಅರ್ಹತೆಯಿದೆ. ಅಂಥ ಅನುದಾನವನ್ನು ನೆಚ್ಚಿಕೊಂಡ ವಿಭಾಗ ಹೊರಗಿನವರನ್ನು ಸೇರಿಸಿಕೊಳ್ಳಬೇಕಾದರೆ ಬೇರೆ ಮೂಲದಿಂದ ಹಣ ಹೊಂದಿಸಬೇಕು, ಹಾಗಾಗಿ ನಮ್ಮ ಪಾಲಿನ ಸ್ಥಾನಗಳು ಕೆಲವೇ ಆಗುತ್ತವೆ. ತಿರಸ್ಕಾರವೆಂದರೆ ನಮ್ಮ ಯೋಗ್ಯತೆಯ ಮೇಲೆ ಬಿದ್ದ ಮೊಹರು ಎಂದುಕೊಳ್ಳುವ ಮೊದಲು ಈ ಲೆಕ್ಕವನ್ನು ನೆನೆಯುವುದು ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಸ್ಪಷ್ಟತೆ ಕೊಟ್ಟಿತು.

ಮೌನದ ಅರ್ಥ ವಿಷಯದಿಂದ ವಿಷಯಕ್ಕೆ ಬೇರೆಯಾಗುತ್ತದೆ. ಸಂದರ್ಶನವಿಲ್ಲದೆ ಸ್ಥಾನ ಕೊಡದ ಜೀವವಿಜ್ಞಾನ ವಿಭಾಗದಿಂದ ಫೆಬ್ರವರಿ ಕೊನೆಯಾದರೂ ಕರೆ ಬರದಿದ್ದರೆ ಬಹುಮಟ್ಟಿಗೆ ಉತ್ತರ ‘ಇಲ್ಲ’ ಎಂದೇ, ಪತ್ರ ಮಾರ್ಚಿನಲ್ಲೋ ಏಪ್ರಿಲ್‌ನಲ್ಲೋ ಬರಲಿ. ಇತಿಹಾಸಕ್ಕೋ ಸಾಹಿತ್ಯಕ್ಕೋ ಅರ್ಜಿ ಹಾಕಿದ ಸ್ನೇಹಿತರ ವಿಷಯದಲ್ಲಿ ಇದು ಅನ್ವಯಿಸುವುದಿಲ್ಲ. ಅಲ್ಲಿ ಎಷ್ಟೋ ವಿಭಾಗಗಳು ಸಂದರ್ಶನವನ್ನೇ ಮಾಡದೆ ನೇರವಾಗಿ ಪತ್ರ ಕಳುಹಿಸುತ್ತವೆ. ಅದೇ ರೀತಿ, ಜೀವವಿಜ್ಞಾನದ ಹಲವು ಪಿಎಚ್‌.ಡಿ.ಗಳಲ್ಲಿ ಮೊದಲ ವರ್ಷ ವಿದ್ಯಾರ್ಥಿ ಕೆಲವು ಪ್ರಯೋಗಾಲಯಗಳಲ್ಲಿ ಸರದಿಯಂತೆ ಕೆಲಸ ಮಾಡಿ ಆಮೇಲೆ ಮಾರ್ಗದರ್ಶಕರನ್ನು ಆರಿಸಿಕೊಳ್ಳುವುದರಿಂದ, ಆಯ್ಕೆ ಸಮಿತಿಯದ್ದೇ ಹೊರತು ಒಬ್ಬ ಪ್ರಾಧ್ಯಾಪಕರದ್ದಲ್ಲ. ಜನವರಿಯಲ್ಲಿ ಪ್ರಾಧ್ಯಾಪಕರಿಗೆ ಮೇಲಿಂದ ಮೇಲೆ ಪತ್ರ ಬರೆಯುವ ಆಸೆಯನ್ನು ನಾನು ಅದುಮಿಟ್ಟದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ತಿಳಿದಿದ್ದರೂ ಕೈ ಮಾತ್ರ ಫೋನಿನತ್ತ ಹೋಗುವುದು ನಿಲ್ಲಲಿಲ್ಲ. ಅದಕ್ಕೆ ಮದ್ದಾಗಿದ್ದು ಗಡಿಯಾರದ ಲೆಕ್ಕ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಕಚೇರಿ ಬೆಳಗ್ಗೆ 9ಕ್ಕೆ ತೆರೆದಾಗ ಭಾರತದಲ್ಲಿ ರಾತ್ರಿ 7:30. ಪಶ್ಚಿಮ ಕರಾವಳಿಯ ಕಚೇರಿ ಸಂಜೆ 5ಕ್ಕೆ ಮುಚ್ಚುವಾಗ ನಮ್ಮಲ್ಲಿ ಮರುದಿನ ಬೆಳಗ್ಗೆ 6:30. ಅಂದರೆ ಬೆಳಗ್ಗೆ 7ಕ್ಕೆ ಒಮ್ಮೆ ನೋಡಿದರೆ ಅಲ್ಲಿನ ಇಡೀ ಕೆಲಸದ ದಿನವನ್ನು ನೋಡಿದಂತಾಯಿತು, ಹಗಲಿನಲ್ಲಿ ಮತ್ತೆ ನೋಡುವುದರಿಂದ ಸಿಗುವುದು ಏನೂ ಇಲ್ಲ. ಭಾನುವಾರ ಮತ್ತು ಸೋಮವಾರದ ಬೆಳಗ್ಗೆಗಳನ್ನೂ ಬಿಟ್ಟುಬಿಟ್ಟೆ, ಏಕೆಂದರೆ ಅವುಗಳ ಹಿಂದಿನ ರಾತ್ರಿ ಅಲ್ಲಿ ಶನಿವಾರ, ಭಾನುವಾರ. ಜನವರಿಯ ಮೂರನೆಯ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ, ಫೆಬ್ರವರಿಯ ಮೂರನೆಯ ಸೋಮವಾರ ಅಧ್ಯಕ್ಷರ ದಿನದ ರಜೆ. ಆ ವಾರಗಳಲ್ಲಿ ಮಂಗಳವಾರದ ಬೆಳಗ್ಗೆಯಿಂದಲೂ ಹೆಚ್ಚೇನೂ ನಿರೀಕ್ಷಿಸಲಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬಹುತೇಕ ಕಚೇರಿಗಳು ಮುಚ್ಚಿಯೇ ಇರುತ್ತವೆ. ಕೆಲಸವಿಲ್ಲದವನ ಪಂಚಾಂಗವೆಂದು ಯಾರಾದರೂ ನಗಬಹುದು, ಆದರೆ ರಾತ್ರಿ ನಿದ್ದೆ ಬಂದದ್ದು ಈ ಪಂಚಾಂಗದಿಂದಲೇ. ಪ್ರವೇಶದ ಪತ್ರಗಳಿಗೆಂದು ಮೊದಲೇ ಬೇರೆ ಇ-ಮೇಲ್ ವಿಳಾಸ ಇಟ್ಟುಕೊಂಡಿದ್ದೆ, ಹಾಗಾಗಿ ಬ್ಯಾಂಕಿನ ಜಾಹೀರಾತಿಗೆ ಎದೆ ಹೊಡೆದುಕೊಳ್ಳುವುದು ತಪ್ಪಿತು. ಸ್ಪ್ಯಾಮ್ ಪೆಟ್ಟಿಗೆಯನ್ನೂ ಅದೇ 7 ಗಂಟೆಗೆ ನೋಡುತ್ತಿದ್ದೆ.

ಸಂದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಕೇಳಿದ್ದು ಮುಖ್ಯವಾಗಿ ನನ್ನದೇ ಪ್ರಾಜೆಕ್ಟಿನ ಬಗ್ಗೆ, ಪ್ರಯೋಗ ಕೈಕೊಟ್ಟಾಗ ಏನು ಮಾಡಿದೆ ಎಂಬುದರ ಬಗ್ಗೆ. ಕಾಯುವ ವಾರಗಳನ್ನು ನಾನು ಅದಕ್ಕೆ ಬಳಸಿಕೊಂಡೆ: ಹಳೆಯ ಲ್ಯಾಬ್ ಪುಸ್ತಕ ತೆಗೆದು ಪ್ರತಿ ಪ್ರಯೋಗದಲ್ಲೂ ಕಂಟ್ರೋಲ್ (ಹೋಲಿಕೆಗೆಂದು ಇಟ್ಟ ಮಾದರಿ) ಯಾವುದು, ಅದನ್ನೇ ಏಕೆ ಇಟ್ಟೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು.

ನಿಜವಾದ ಕಷ್ಟ ಮಾರ್ಚಿನಲ್ಲಿ ಬಂತು. ಒಂದು ಕಡೆ ವೇತನಸಹಿತ ಸ್ಥಾನ ಸಿಕ್ಕಿತ್ತು. ನನಗೆ ಹೆಚ್ಚು ಇಷ್ಟವಿದ್ದ ಇನ್ನೊಂದು ಕಡೆ ವೇಟ್‌ಲಿಸ್ಟ್‌ನಲ್ಲಿ ಇಟ್ಟಿದ್ದರು. ತಿರಸ್ಕಾರವನ್ನು ನುಂಗಿಕೊಂಡು ಮುಂದೆ ಹೋಗಬಹುದು, ವೇಟ್‌ಲಿಸ್ಟ್ ಹಾಗಲ್ಲ. ಕರೆದವರಲ್ಲಿ ಕೆಲವರು ಬೇರೆಡೆ ಹೋಗುತ್ತಾರೆಂದು ಗೊತ್ತಿರುವುದರಿಂದ ವಿಭಾಗಗಳು ಆ ಅಂದಾಜಿನ ಮೇಲೆ ಪತ್ರ ಕಳುಹಿಸುತ್ತವೆ. ಅಂದಾಜು ಮೀರಿ ಜನ ಬಿಟ್ಟುಕೊಟ್ಟಾಗ ಮಾತ್ರ ಪಟ್ಟಿ ಮುಂದೆ ಸರಿಯುತ್ತದೆ. ನಾನು ಕೋಆರ್ಡಿನೇಟರ್‌ಗೆ ಚಿಕ್ಕ ಪತ್ರ ಬರೆದೆ. ಆಸಕ್ತಿ ಹಾಗೆಯೇ ಇದೆ, ಅರ್ಜಿ ಹಾಕಿದ ಮೇಲೆ ಒಂದು ಸಮ್ಮೇಳನದಲ್ಲಿ ಪೋಸ್ಟರ್ ಮಂಡಿಸಿದ್ದೇನೆ, ಇನ್ನೊಂದು ಸ್ಥಾನಕ್ಕೆ ಏಪ್ರಿಲ್ 15ರೊಳಗೆ ಉತ್ತರಿಸಬೇಕಾಗಿದೆ: ಈ ಮೂರೇ ಸಂಗತಿ. ‘ನಿಮ್ಮದೇ ನನ್ನ ಮೊದಲ ಆಯ್ಕೆ’ ಎಂದೂ ಬರೆದೆ. ಅದು ನಿಜವಾಗಿದ್ದರಿಂದ ಬರೆದೆ. ಆ ಮಾತನ್ನು ನಾಲ್ಕು ಕಡೆ ಬರೆಯುವವರನ್ನು ಕಂಡಿದ್ದೇನೆ, ಅದು ಸರಿಯಲ್ಲ. ಬಂದ ಉತ್ತರ ಸೌಜನ್ಯದ್ದಾಗಿತ್ತು: ಏಪ್ರಿಲ್ ನಡುವಿನವರೆಗೆ ಖಚಿತವಾಗಿ ಹೇಳಲಾಗದು.

ಏಪ್ರಿಲ್ 15ಕ್ಕೆ ಮಹತ್ವ ಬಂದಿರುವುದು ಅಮೆರಿಕದ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯದಿಂದ. ಅದಕ್ಕೆ ಸಹಿ ಹಾಕಿರುವ ವಿಶ್ವವಿದ್ಯಾಲಯಗಳು ಆರ್ಥಿಕ ನೆರವಿನೊಂದಿಗೆ ಕೊಟ್ಟ ಸ್ಥಾನಕ್ಕೆ ಆ ದಿನಾಂಕಕ್ಕಿಂತ ಮುಂಚೆ ಉತ್ತರಿಸುವಂತೆ ವಿದ್ಯಾರ್ಥಿಯನ್ನು ಕಟ್ಟಿಹಾಕುವಂತಿಲ್ಲ. ಎಲ್ಲ ವಿಶ್ವವಿದ್ಯಾಲಯಗಳೂ ಸಹಿ ಹಾಕಿಲ್ಲ, ನೆರವಿಲ್ಲದ ಪ್ರವೇಶಕ್ಕೆ ಈ ರಕ್ಷಣೆಯೂ ಇಲ್ಲ. ಆದ್ದರಿಂದ ಸ್ನಾತಕೋತ್ತರ ಪದವಿಗೆ ಸ್ವಂತ ಖರ್ಚಿನಲ್ಲಿ ಹೋಗುವವರು ತಮ್ಮ ಪತ್ರದಲ್ಲಿರುವ ದಿನಾಂಕವನ್ನೇ ನಂಬಬೇಕು. ಇದರ ಇನ್ನೊಂದು ಮುಖವೂ ಇದೆ. ಬೇಡವಾದ ಸ್ಥಾನವನ್ನು ಕೊನೆಯ ದಿನದವರೆಗೆ ಹಿಡಿದಿಟ್ಟುಕೊಂಡರೆ ವೇಟ್‌ಲಿಸ್ಟ್‌ನಲ್ಲಿರುವ ಯಾರೋ ಒಬ್ಬರು ಅಷ್ಟು ದಿನ ತೂಗಾಡುತ್ತಾರೆ. ನಾನೇ ಆ ಪಟ್ಟಿಯಲ್ಲಿದ್ದುದರಿಂದ, ಮೂರನೆಯ ಒಂದು ಕಡೆ ಸಿಕ್ಕಿದ್ದ, ಹೋಗುವುದಿಲ್ಲವೆಂದು ಖಚಿತವಾಗಿದ್ದ ಸ್ಥಾನವನ್ನು ಮಾರ್ಚಿನಲ್ಲೇ ಬಿಟ್ಟುಕೊಟ್ಟು ವಂದನೆ ತಿಳಿಸಿದೆ.

ಇಷ್ಟದ ಕಡೆಯಿಂದ ಸ್ಥಾನ ಬರಲಿಲ್ಲ. ಏಪ್ರಿಲ್ 14ರ ಬೆಳಗ್ಗೆ ಪುಸ್ತಕ ತೆರೆದು, ಕೈಯಲ್ಲಿದ್ದ ವಿಭಾಗದಲ್ಲಿ ನಾನು ಕೆಲಸ ಮಾಡಲು ಬಯಸುವ ಪ್ರಯೋಗಾಲಯಗಳ ಹೆಸರು ಬರೆದುನೋಡಿದೆ; ಒಂದಕ್ಕಿಂತ ಹೆಚ್ಚೇ ಇದ್ದವು. ಅಂದೇ ಒಪ್ಪಿಗೆ ಕಳುಹಿಸಿ, ಶಿಫಾರಸು ಪತ್ರ ಬರೆದ ಮೂವರಿಗೂ ವಿಷಯ ತಿಳಿಸಿದೆ. ಆ ವಾರವೇ, ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರಕ್ಕೆ ಬೇಕಾದ ದಾಖಲೆಗಳನ್ನು ಹೊಂದಿಸತೊಡಗಿದೆ: ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಮತ್ತು ಹಣಕಾಸಿನ ಪುರಾವೆಯಾಗಿ ವೇತನದ ಮೊತ್ತ ನಮೂದಾಗಿರುವ ಪ್ರವೇಶ ಪತ್ರ. ಐ-20 ಕೈಸೇರದೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕ ಕಟ್ಟಲಾಗದು, ಶುಲ್ಕ ಕಟ್ಟದೆ ವೀಸಾ ಸಂದರ್ಶನಕ್ಕೆ ಹೋಗಲಾಗದು, ಆದ್ದರಿಂದ ಅಲ್ಲಿ ಒಂದು ವಾರ ಕಳೆದುಕೊಂಡರೂ ಮುಂದಿನದೆಲ್ಲ ಅಷ್ಟೇ ಹಿಂದಕ್ಕೆ ಬೀಳುತ್ತದೆ.