'ಬಾ, ನೋಡೋಣ' ಎನ್ನದೆ ಕಾನೂನು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು ಹೇಗೆ?

ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿ ನಾನು ಮಧುಗಿರಿಯಿಂದ ದಿನಾ ಬಸ್ಸು ಹತ್ತಿ ತುಮಕೂರಿಗೆ ಬರುತ್ತಿದ್ದೆ. ಕ್ಲಾಸು ಮುಗಿಸಿ ಸಂಜೆ ಒಬ್ಬ ಸೀನಿಯರ್ ವಕೀಲರ ಆಫೀಸಿನಲ್ಲಿ ಕೂರುತ್ತಿದ್ದೆ. 'ಬಾಮ್ಮ, ನೋಡೋಣ' ಎಂದಿದ್ದರು ಅವರು. ದುಡ್ಡು ಕೊಡುತ್ತಾರಾ, ಪದವಿ ಮುಗಿದ ಮೇಲೆ ಜೂನಿಯರ್ ಆಗಿ ಇಟ್ಟುಕೊಳ್ಳುತ್ತಾರಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಏಳು ತಿಂಗಳಾದ ಮೇಲೆ ಗೊತ್ತಾಯಿತು, ಆ ಜಾಗವನ್ನು ಅವರು ಮೊದಲೇ ಗೆಳೆಯರ ಮಗನಿಗೆ ಇಟ್ಟಿದ್ದರು.

ಈಗ ನನ್ನ ಆಫೀಸಿಗೇ ವಿದ್ಯಾರ್ಥಿಗಳು ಬರುತ್ತಾರೆ. ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ವಕೀಲರಿಗೂ ಆದೀತು, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಡೆ ಲೀಗಲ್ ಕೆಲಸಕ್ಕೆ ಜನ ಹುಡುಕುವ ಕಂಪನಿಗಳಿಗೂ ಆದೀತು.

1. ಯಾವ ಕೆಲಸ ಎಂದು ಮೊದಲು ನೀವು ತೀರ್ಮಾನಿಸಿ

ಇಂಟರ್ನ್, ಜೂನಿಯರ್ (ಸೀನಿಯರ್ ಕೈಕೆಳಗೆ ಕೆಲಸ ಮಾಡುವ ಹೊಸ ವಕೀಲರು), ಸಂಬಳದ ನೌಕರ. ಮೂರೂ ಬೇರೆ ಬೇರೆ.

ಇಂಟರ್ನ್ ಇನ್ನೂ ವಿದ್ಯಾರ್ಥಿ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ 3 ವರ್ಷದ ಕೋರ್ಸಿನವರು ಒಟ್ಟು 12 ವಾರ, 5 ವರ್ಷದ ಕೋರ್ಸಿನವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಒಂದು ವರ್ಷದಲ್ಲಿ ಸತತವಾಗಿ 4 ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಕಾಲೇಜಿನಲ್ಲಿ 70 ಪರ್ಸೆಂಟ್ ಹಾಜರಾತಿಯೂ ಬೇಕು. ಹಾಗಾಗಿ ಬೆಳಗ್ಗೆ ಕ್ಲಾಸಿನ ಹೊತ್ತಿಗೆ 'ಕೋರ್ಟಿಗೆ ಬಂದುಬಿಡು' ಎನ್ನಬೇಡಿ. ಸನದು (ವಕೀಲಿ ಮಾಡುವ ಪರವಾನಗಿ) ಇಲ್ಲದವರನ್ನು 'ಹೋಗಿ ವಾಯಿದೆ ತಗೊಂಡು ಬಾ' ಎಂದು ಒಬ್ಬರನ್ನೇ ಕೋರ್ಟ್ ಹಾಲಿಗೆ ಕಳಿಸಲೂಬೇಡಿ.

ಕಂಪನಿಯವರು ಒಂದು ವಿಷಯ ಮುಚ್ಚಿಡಬಾರದು. ಪೂರ್ತಿ ಸಮಯದ ಸಂಬಳದ ಕೆಲಸಕ್ಕೆ ಸೇರಿದ ವಕೀಲರು ಪ್ರಾಕ್ಟೀಸ್ ಮಾಡುವಂತಿಲ್ಲ, ಕೆಲಸಕ್ಕೆ ಸೇರಿದ್ದನ್ನು ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಬೇಕು. ಪರಿಷತ್ತಿನ 49ನೇ ನಿಯಮ ಇದು. ಕೋರ್ಟಿನಲ್ಲಿ ವಾದ ಮಾಡುವ ಆಸೆ ಇಟ್ಟುಕೊಂಡ ಹುಡುಗಿಗೆ ಸೇರಿದ ಮೇಲೆ ಇದು ಗೊತ್ತಾದರೆ ಅವಳಿಗೆ ಎಂಥ ಪೆಟ್ಟು, ಅಲ್ವಾ?

2. ಜಾಗ ಇದೆ ಎಂದು ಎಲ್ಲರಿಗೂ ತಿಳಿಸಿ

ವಿದ್ಯೋದಯ, ಸುಫಿಯಾ ಕಾನೂನು ಕಾಲೇಜುಗಳ ನೋಟಿಸ್ ಬೋರ್ಡಿಗೆ ಒಂದು ಹಾಳೆ ಕೊಡಿ. ವಕೀಲರ ಸಂಘದಲ್ಲೂ ಒಂದು ಹಾಕಿ. ಬರೀ ಪರಿಚಯದವರ ಬಾಯಲ್ಲಿ ಸುದ್ದಿ ಹರಿದರೆ ಪಾವಗಡದ ರೈತರ ಮಗಳ ತನಕ ಅದು ಹೋಗುವುದೇ ಇಲ್ಲ.

3. ಎಲ್ಲರಿಗೂ ಒಂದೇ ಪರೀಕ್ಷೆ

ಇಂಗ್ಲಿಷ್ ಚೆನ್ನಾಗಿ ಬಂದರೆ ಸಾಕು ಎಂದು ಆರಿಸುವವರನ್ನು ನೋಡಿದ್ದೇನೆ. ನಮ್ಮ ಜಿಲ್ಲೆ, ತಾಲ್ಲೂಕು ಕೋರ್ಟುಗಳಲ್ಲಿ ಸಾಕ್ಷಿ ಮಾತಾಡುವುದು ಕನ್ನಡದಲ್ಲಿ. ಕಕ್ಷಿದಾರರು ತರುವ ಪಹಣಿ, ಕ್ರಯಪತ್ರಗಳೂ ಕನ್ನಡದಲ್ಲೇ ಇರುತ್ತವೆ. ನಾನು ಮುಗಿದುಹೋದ ಒಂದು ಪಾಲುದಾವೆಯ ಫೈಲಿನಿಂದ ಹೆಸರು ತೆಗೆದು ಎಲ್ಲರಿಗೂ ಅದನ್ನೇ ಕೊಡುತ್ತೇನೆ. ಒಂದು ಗಂಟೆ ಸಮಯ. ಯಾರು ಯಾರಿಗೆ ಏನಾಗಬೇಕು, ಜಗಳ ಎಲ್ಲಿದೆ, ಯಾವ ದಾಖಲೆ ಇಲ್ಲ ಎಂದು ಒಂದು ಪುಟ ಬರೆಯಬೇಕು. ಮೂಟ್ ಕೋರ್ಟಿನ (ಕಾಲೇಜಿನ ಅಣಕು ನ್ಯಾಯಾಲಯದ) ಕಪ್ಪು ಕೋಟು ತೋರಿಸದ ಎಷ್ಟೋ ಸಂಗತಿ ಆ ಒಂದು ಪುಟದಲ್ಲಿ ಕಾಣುತ್ತದೆ.

ಜಾತಿ ಕೇಳಬೇಡಿ. 'ಯಾವ ಪೈಕಿ?' 'ಮನೆದೇವರು ಯಾವುದು?' ಎಂದು ಸುತ್ತಿ ಬಳಸಿ ಕೇಳಿದರೂ ಅದೇ ಪ್ರಶ್ನೆ. ಎದುರಿಗೆ ಕೂತವರಿಗೆ ಅದು ಗೊತ್ತಾಗಿಯೇ ಆಗುತ್ತದೆ. ಮದುವೆ ಯಾವಾಗ ಎಂದು ಹುಡುಗಿಯರನ್ನು ಮಾತ್ರ ಯಾಕೆ ಕೇಳುತ್ತೇವೆ? ಹುಡುಗರನ್ನು ಕೇಳದ ಪ್ರಶ್ನೆ ಅವಳಿಗೂ ಬೇಡ.

4. ದುಡ್ಡಿನ ಮಾತು ಬರಹದಲ್ಲಿರಲಿ

ನಮ್ಮಲ್ಲಿ ಎಲ್ಲರೂ ಹಿಂಜರಿಯುವ ಜಾಗ ಇದೇ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಶಿಫಾರಸು ಮಾಡಿತು. ಇದು ಕಡ್ಡಾಯವಲ್ಲ. ತಾಲ್ಲೂಕಿನಲ್ಲಿ ಒಬ್ಬರೇ ಆಫೀಸು ನಡೆಸುವ ವಕೀಲರಿಗೆ ಅಷ್ಟು ಕೊಡುವುದು ಕಷ್ಟ ಎಂಬುದು ನನಗೂ ಗೊತ್ತು. ಆಗದಿದ್ದರೆ ಎಷ್ಟು ಆಗುತ್ತದೋ ಅಷ್ಟನ್ನೇ ಹೇಳಿ. 6,000 ಎಂದರೆ 6,000. ಏನೂ ಇಲ್ಲದಿದ್ದರೆ ಇಲ್ಲ ಎನ್ನಿ. ಮನೆಯಲ್ಲಿ ಅಪ್ಪ ಅಮ್ಮನ ಹತ್ತಿರ ಮಾತಾಡಿ, ರೂಮಿನ ಬಾಡಿಗೆ ಲೆಕ್ಕ ಹಾಕಿ, ಆಗುತ್ತದೋ ಇಲ್ಲವೋ ಎಂದು ಸೇರುವವರು ನೋಡಿಕೊಳ್ಳುತ್ತಾರೆ. ಇಂಟರ್ನ್‌ಗೆ ಸಂಬಳ ಕೊಡದಿದ್ದರೂ ಬಸ್ಸಿನ ಚಾರ್ಜು, ಜೆರಾಕ್ಸ್ ಖರ್ಚು ಅವರ ಜೇಬಿನಿಂದ ಹೋಗಬಾರದು.

ಲೆಟರ್‌ಹೆಡ್ಡಿನಲ್ಲಿ ಅರ್ಧ ಪುಟ ಸಾಕು. ಕೆಲಸ ಏನು, ಎಷ್ಟು ತಿಂಗಳು, ಎಷ್ಟು ದುಡ್ಡು, ಯಾವ ತಾರೀಕಿಗೆ, ಎಷ್ಟು ಹೊತ್ತು, ಪರೀಕ್ಷೆಗೆ ರಜೆ ಎಷ್ಟು ದಿನ. 'ನನ್ನ ಆಫೀಸು ಬಿಟ್ಟು ಹೋದ ಮೇಲೆ ಈ ಊರಲ್ಲಿ ಪ್ರಾಕ್ಟೀಸ್ ಮಾಡಬಾರದು' ಎಂದು ಬರೆಸಿಕೊಳ್ಳಬೇಡಿ. ಕರಾರು ಕಾಯ್ದೆಯ 27ನೇ ಕಲಂ ಮುಂದೆ ಅದು ನಿಲ್ಲುವುದಿಲ್ಲ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ನೋಡಿ ವಾಪಸ್ ಕೊಡಿ, ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ.

5. ಯೋಚನೆ ಮಾಡಲು ಬಿಡಿ

'ಇವತ್ತೇ ಹೇಳು, ಇಲ್ಲಾಂದ್ರೆ ಬೇರೆಯವರನ್ನು ತಗೋತೀನಿ' ಎನ್ನುವುದು ತಪ್ಪು. ಬೆಂಗಳೂರು 70 ಕಿಲೋಮೀಟರ್ ದೂರ, ಬೆಳಗ್ಗೆ ರೈಲು ಹತ್ತಿದರೆ ಅಲ್ಲಿನ ಆಫೀಸುಗಳಿಗೂ ಹೋಗಬಹುದು. ಅವರು ಅಲ್ಲೂ ಕೇಳಿರುತ್ತಾರೆ, ಕೇಳಲಿ. ನಾನು ಎರಡು ವಾರ ಕೊಡುತ್ತೇನೆ. ಅಷ್ಟರಲ್ಲಿ ಇನ್ನೂ ಚೆನ್ನಾಗಿರುವವರು ಬಂದರೂ ಕೊಟ್ಟ ಮಾತು ತಪ್ಪುವುದಿಲ್ಲ. ಬರಲ್ಲ ಎಂದವರ ಬಗ್ಗೆ ಬಾರ್ ರೂಮಿನಲ್ಲಿ ಕೊಂಕು ಆಡುವುದೂ ಇಲ್ಲ. ಊರು ಚಿಕ್ಕದು, ಒಂದು ಮಾತು ಒಬ್ಬರ ದಾರಿಯನ್ನೇ ಮುಚ್ಚಿಬಿಡಬಹುದು.

6. ಸುರಕ್ಷತೆ

ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಜನ ಇರುವ ಕಡೆ ಒಳಗಿನ ದೂರು ಸಮಿತಿ ಇರಲೇಬೇಕು. ಚಿಕ್ಕ ಆಫೀಸಿನವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸೇರುವ ದಿನವೇ ಇದನ್ನು ಅವರಿಗೆ ತಿಳಿಸಿ. ಊರಿನ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೆ ಅರ್ಧ ಗಂಟೆ ಮುಂಚೆ ಕೆಲಸ ನಿಲ್ಲಲಿ.

7. ತೆಗೆದುಕೊಳ್ಳದವರಿಗೂ ತಿಳಿಸಿ

ಹತ್ತು ಜನ ಬಂದು ಒಬ್ಬರನ್ನು ಆರಿಸಿದರೆ ಉಳಿದ ಒಂಬತ್ತು ಜನ ಫೋನ್ ನೋಡುತ್ತಾ ಕೂತಿರುತ್ತಾರೆ. ಆ ವಾರದೊಳಗೆ ಪ್ರತಿಯೊಬ್ಬರಿಗೂ ವಾಟ್ಸಾಪ್ ಮಾಡಿ: 'ಈ ಸಲ ಬೇರೆಯವರನ್ನು ತೆಗೆದುಕೊಂಡೆವು. ನೀವು ಬರೆದ ಪುಟದಲ್ಲಿ ದಾಖಲೆಗಳ ಪಟ್ಟಿ ಚೆನ್ನಾಗಿತ್ತು, ತಾರೀಕುಗಳು ತಪ್ಪಿದ್ದವು.' ಮಾರನೇ ದಿನವೇ ಅವರು ಇನ್ನೊಂದು ಆಫೀಸಿಗೆ ಹೋಗಿ ಕೇಳಬಹುದು.