ಕೂತ ನೆಲದಿಂದಲೇ ಶುರು: ನಕ್ಷೆಯಲ್ಲಿ ಕಲ್ಲಿನ ಪಾಠ ಮಾಡಿದ ನನ್ನ ಅನುಭವ

ನಮ್ಮ ಶಾಲೆ ಇರುವುದು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ. ತರಗತಿಯ ನೆಲಕ್ಕೆ ಹಾಸಿರುವುದು ಶಹಾಬಾದ್ ಫರಸಿ, ಅಂದರೆ ಸುಣ್ಣದಕಲ್ಲಿನ ಚಪ್ಪಡಿ. ಆ ಫರಸಿ ಮೇಲೆ ಕೂತು ಎಂಟನೇ ತರಗತಿಯ ಮಕ್ಕಳು ‘ಕಣಶಿಲೆ ಎಂದರೇನು’ ಅಂತ ಬಾಯಿಪಾಠ ಮಾಡುತ್ತಿದ್ದರು. ತಾವು ಕೂತಿರುವುದೇ ಕಣಶಿಲೆಯ, ಅಂದರೆ ಕೆಸರು, ಮರಳು ಪದರವಾಗಿ ಕೂತು ಗಟ್ಟಿಯಾದ ಕಲ್ಲಿನ ಮೇಲೆ ಅಂತ ನಾನೂ ಹೇಳಿರಲಿಲ್ಲ.

ಮೊದಲ ಸಲ ಗೂಗಲ್ ಅರ್ಥ್ ಎಂಬ ಉಪಗ್ರಹ ಚಿತ್ರಗಳ ನಕ್ಷೆಯಲ್ಲಿ 22 ಜಾಗ ಗುರುತು ಮಾಡಿ ತೋರಿಸಿದೆ. ಹವಾಯಿಯ ಜ್ವಾಲಾಮುಖಿಯಿಂದ ಶುರು. ಮಕ್ಕಳು ಕುಣಿದಾಡಿಬಿಟ್ಟರು. ಮರುದಿನ ಏನು ನೋಡಿದಿರಿ ಅಂತ ಕೇಳಿದರೆ, ‘ವಿಮಾನದಾಗ ಹೋದಂಗಾಯ್ತ್ರಿ ಸರ್’ ಅಂದರು. ಕಲ್ಲಿನ ಮಾತೇ ಇಲ್ಲ.

ಎರಡನೇ ಸಲ ಜಾಗಗಳನ್ನು 7ಕ್ಕೆ ಇಳಿಸಿದೆ. ಶಾಲೆಯ ಮಾಳಿಗೆಯಿಂದಲೇ ಹೊರಟೆ. ಒಂದು ನಿಯಮ ಮಾಡಿಕೊಂಡೆ: ಮೊದಲು ಕಲ್ಲು ಕೈಗೆ, ಆಮೇಲೆ ಪರದೆ. ಫರಸಿ ಚೂರು ಊರಲ್ಲೇ ಸಿಕ್ಕಿತು. ಆಳಂದದ ಕರಿಕಲ್ಲು (ಬಸಾಲ್ಟ್), ಯಾದಗಿರಿಯ ಗ್ರಾನೈಟ್, ಬೀದರಿನ ಜಂಬಿಟ್ಟಿಗೆ ಎಂಬ ಕೆಂಪು ಕಲ್ಲು ತರಲು ಬಸ್ಸಲ್ಲಿ ಓಡಾಡುವ ಸಹೋದ್ಯೋಗಿಗಳನ್ನು ಕಾಡಿದೆ.

ಶಾಲೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಅದಕ್ಕೆ ಲ್ಯಾಪ್‌ಟಾಪ್‌ಗೆ ಗೂಗಲ್ ಅರ್ಥ್ ಪ್ರೊ ಹಾಕಿಕೊಂಡೆ, ದುಡ್ಡು ಕೊಡಬೇಕಿಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಅದೇ ದಾರಿಯಲ್ಲಿ ನಿಧಾನಕ್ಕೆ ಒಮ್ಮೆ ಸುತ್ತಿ ಬಂದರೆ, ನೋಡಿದ ಚಿತ್ರಗಳು ಕ್ಯಾಶ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್‌ನ ತಾತ್ಕಾಲಿಕ ಸಂಗ್ರಹದಲ್ಲಿ ಉಳಿಯುತ್ತವೆ. ಮರುದಿನ ನೆಟ್ ಇಲ್ಲದಿದ್ದರೂ ಕಾಣುತ್ತವೆ. ಹತ್ತಿರದಿಂದ ತೋರಿಸಬೇಕಾದ ಜಾಗವನ್ನು ಹತ್ತಿರದಿಂದಲೇ ನೋಡಿರಬೇಕು, ಇಲ್ಲದಿದ್ದರೆ ಮಸುಕು.

ಶಹಾಬಾದಿನ ಗಣಿಗಳ ಮೇಲೆ ನಿಂತಾಗ ಪಾಠ ನನ್ನ ಕೈ ಬಿಟ್ಟು ಹೋಯಿತು. ನಾನು ಒಂದು ಬಿಳಿ ಜಾಗಕ್ಕೆ ಬೆರಳಿಟ್ಟು ‘ನೋಡಿ, ಸುಣ್ಣದಕಲ್ಲು’ ಅಂದೆ. ಹಿಂದಿನ ಸಾಲಿನ ಹುಡುಗ ಎದ್ದ. ‘ಅದು ಕಲ್ಲಲ್ರಿ ಸರ್, ಪಾಲಿಶ್ ಮಾಡಿದ ರಾಡಿ ಚೆಲ್ಲಿದ್ದು. ನಮ್ಮಪ್ಪ ಅಲ್ಲೇ ದುಡಿತಾನ್ರಿ.’ ಅವನ ಮಾತೇ ನಿಜ. ಕಲ್ಲು ಉಜ್ಜಿದಾಗ ಬರುವ ರಾಡಿ ಒಣಗಿ ಹಾಗೆ ಕಾಣುತ್ತದೆ. ಆಮೇಲೆ ಅವನನ್ನೇ ಮುಂದೆ ಕರೆದೆ. ಹಸಿರಾಗಿ ಕಾಣುವುದು ನೀರು ನಿಂತ ಹಳೇ ಗಣಿ, ಗೆರೆ ಗೆರೆಯಾಗಿ ಕಾಣುವುದು ಪೇರಿಸಿಟ್ಟ ಫರಸಿ ಅಂತ ಅವನೇ ತೋರಿಸಿದ. ಫರಸಿ ಹಾಳೆ ಹಾಳೆಯಾಗಿ ಏಳುವುದೇಕೆ ಅನ್ನುವುದನ್ನು ಮಾತ್ರ ನಾನು ಹೇಳಿದೆ: ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು ಅದು. ಗಡಿಯಾರದ ಗುರುತು ಒತ್ತಿ ಹಳೇ ವರ್ಷದ ಚಿತ್ರ ತೋರಿಸಿದಾಗ ಗಣಿಗಳು ಸಣ್ಣವಾದವು. ತರಗತಿ ಗಪ್ಪಾಯಿತು.

ಅಲ್ಲೇ ನಿಂಬೆಹಣ್ಣು ತೆಗೆದೆ. ಫರಸಿಯನ್ನು ಮೊಳೆಯಿಂದ ಗೀರಿ, ಆ ಪುಡಿ ಮೇಲೆ ರಸ ಹಿಂಡಿದರೆ ಸಣ್ಣಗೆ ಗುಳ್ಳೆ ಏಳುತ್ತದೆ. ಗ್ರಾನೈಟ್‌ನಲ್ಲಿ ಏನೂ ಇಲ್ಲ. ಅಡುಗೆಮನೆ ಫರಸಿ ಮೇಲೆ ನಿಂಬೆಹುಳಿ ಬಿದ್ದರೆ ಅವ್ವ ಯಾಕೆ ಬೈಯುತ್ತಾಳೆ ಅಂತ ಒಬ್ಬಳಿಗೆ ತಾನಾಗೇ ಹೊಳೆಯಿತು.

ಭೀಮಾ ದಂಡೆಯ ಸನ್ನತಿಯಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಚಿತ್ರ, ಕೆಳಗೆ ‘ರಾಯೊ ಅಸೋಕೊ’ (ರಾಜ ಅಶೋಕ) ಅಂತ ಬ್ರಾಹ್ಮಿ ಲಿಪಿ ಇರುವುದೂ ಸುಣ್ಣದಕಲ್ಲಿನ ಮೇಲೇ ಅಂತ ಹೇಳಿ ಮುಂದಕ್ಕೆ ಹೊರಟೆ. ಯಾದಗಿರಿ ಕೋಟೆಯ ಬೆಟ್ಟ ಎದ್ದು ಕಾಣಲಿ ಅಂತ ಎತ್ತರವನ್ನು 3 ಪಟ್ಟು ಮಾಡಿಟ್ಟಿದ್ದೆ. ಅದು ತಪ್ಪಾಯಿತು. ಹಿಮಾಲಯದ ಹಾಗೆ ಕಂಡಿತು. ಮಲಗಿದ ಬುದ್ಧನ ಹಾಗೆ ಕಾಣುವ ಶಹಾಪುರದ ಬೆಟ್ಟವಂತೂ ಬರೀ ದಿಬ್ಬ. ಅಲ್ಲಿಗೆ ಫೋಟೊ ಹಾಕುವುದೇ ಸರಿ.

ಬೀದರ್ ಕೋಟೆಯಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡೆ. ಕೆಂಪು ಗೋಡೆ, ಕಲ್ಲನ್ನೇ ಕಡಿದು ಮಾಡಿದ ಕಂದಕ ಎಲ್ಲ ತೋರಿಸಿ ಜಂಬಿಟ್ಟಿಗೆ ಕೈಗೆ ಕೊಟ್ಟೆ. ‘ಸರ್, ಇದು ಮೂರರಾಗ ಯಾವುದು?’ ಅಂತ ಒಬ್ಬ ಕೇಳಿದ. ಪಾಠದಲ್ಲಿರುವುದು ಅಗ್ನಿ, ಕಣ, ರೂಪಾಂತರ, ಅಷ್ಟೇ ಅಲ್ವಾ. ಜಂಬಿಟ್ಟಿಗೆ ಈ ಮೂರರಲ್ಲಿ ಒಂದಕ್ಕೂ ಸಲೀಸಾಗಿ ಸೇರುವುದಿಲ್ಲ. ಬೀದರಿನಲ್ಲಿ ಅದರ ಕೆಳಗಿರುವುದು ಕರಿಕಲ್ಲು. ಮಳೆ, ಸೆಖೆಗೆ ಆ ಕರಿಕಲ್ಲು ಕೊಳೆತು, ಬೇರೆ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣ, ಅಲ್ಯುಮಿನಿಯಂ ಅಂಶ ಉಳಿದುಕೊಂಡದ್ದು ಇದು. ನೆಲದಲ್ಲಿದ್ದಾಗ ಮೆತ್ತಗಿರುತ್ತದೆ, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಅದೇ ಕರಿಕಲ್ಲು ಆಳಂದದ ಕಡೆ ಎರೆಮಣ್ಣಾಗಿದೆ, ಅದರಲ್ಲೇ ನಮ್ಮ ತೊಗರಿ ಬೆಳೆಯುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಅಂದಾಗ ಎರೆಹೊಲದ ಮಕ್ಕಳು ಕಾಲಿನ ಮಣ್ಣು ನೋಡಿಕೊಂಡರು.

ರೂಪಾಂತರ ಶಿಲೆಯಲ್ಲಿ ಮಾತ್ರ ನಕ್ಷೆ ಕೈಕೊಟ್ಟಿತು. ಯಾದಗಿರಿ ಸೀಮೆಯಲ್ಲಿ ಪಟ್ಟೆ ಪಟ್ಟೆಯ ನೈಸ್ (gneiss) ಎಂಬ ರೂಪಾಂತರ ಕಲ್ಲಿದೆ, ಆದರೆ ಮೇಲಿಂದ ನೋಡಿದರೆ ಗ್ರಾನೈಟ್ ಯಾವುದು, ನೈಸ್ ಯಾವುದು ಗೊತ್ತಾಗುವುದಿಲ್ಲ. ಕೊನೆಗೆ ರಾಜಸ್ಥಾನದ ಮಕ್ರಾನಾಕ್ಕೆ ಹಾರಿ ಅಮೃತಶಿಲೆಯ ಗಣಿ ತೋರಿಸಿದೆ. ಸುಣ್ಣದಕಲ್ಲು ಕಾವಿಗೆ, ಒತ್ತಡಕ್ಕೆ ಸಿಕ್ಕಿ ಕರಗದೇ ಬದಲಾದದ್ದು ಅಂದೆ. ‘ಹಿಟ್ಟು ತಟ್ಟಿ ಹಂಚಿನ ಮ್ಯಾಲ ಹಾಕಿದ್ರ ರೊಟ್ಟಿ ಆಗ್ತದಲ್ರಿ, ಹಂಗ’ ಅಂದಳು ಮುಂದಿನ ಸಾಲಿನವಳು. ಮುಂದಿನ ವರ್ಷ ಮಕ್ರಾನಾ ಬಿಟ್ಟು, ಪಟ್ಟೆ ಇರುವ ಒಂದು ನೈಸ್ ತುಂಡು ತರಬೇಕು ಅಂತಿದ್ದೇನೆ. ರೊಟ್ಟಿಯನ್ನು ಅವಳೇ ತರುತ್ತಾಳಂತೆ.